ಚಿತ್ರವೂ ಒಂದು ವಚನವೇ: ಹಂಫ್ರಿ ರೆಪ್ಟನ್ನನ ಕೆಂಪು ಪುಸ್ತಕಗಳು

ಕಟ್ಟಿದ ಮನೆಯನ್ನು ಕಣ್ಣಾರೆ ಕಂಡು ಬೆಲೆ ನಿರ್ಧರಿಸಬಹುದು. ಕಟ್ಟಬೇಕಾದ ಮನೆಯನ್ನು ಹಾಗೆ ಕಾಣಲಾಗದು. ಬೆಳೆದು ನಿಂತ ತೋಪಿನ ನೆರಳಿನಲ್ಲಿ ಕುಳಿತು ಅದರ ಗುಣವನ್ನು ಅರಿಯಬಹುದು. ನೆಡಬೇಕಾದ ತೋಪಿಗೆ ಇನ್ನೂ ನೆರಳಿಲ್ಲ. ಇಲ್ಲದ ವಸ್ತುವನ್ನು ಇರುವಂತೆ ತೋರಿಸುವ ಈ ಕಾರ್ಯವನ್ನು ವಿನ್ಯಾಸಕಾರರು ಬಹುಕಾಲದಿಂದ ಚಿತ್ರಕಲೆಗೆ ಒಪ್ಪಿಸಿದ್ದಾರೆ. ಹಣ ಕೊಡುವವನು ಚಿತ್ರವನ್ನು ನೋಡುತ್ತಾನೆ, ನಂಬುತ್ತಾನೆ, ಒಪ್ಪಿಗೆ ನೀಡುತ್ತಾನೆ. ಆದ್ದರಿಂದ ಇಂತಹ ಚಿತ್ರವು ಕೇವಲ ಅಲಂಕಾರವಲ್ಲ, ಅದೊಂದು ಹೇಳಿಕೆ; ಹೇಳಿಕೆಯಾದ ಮೇಲೆ ಸತ್ಯಾಸತ್ಯಗಳ ಪರೀಕ್ಷೆಗೆ ಅದು ಒಳಪಡಲೇಬೇಕು. ಬಾಯಿಂದ ಆಡಿದ ಮಾತಿಗೆ, ಕಾಗದದಲ್ಲಿ ಬರೆದ ಕರಾರಿಗೆ ಲೋಕವು ಲೆಕ್ಕ ಕೇಳುತ್ತದೆ. ಬಣ್ಣದಲ್ಲಿ ಬರೆದ ವಚನಕ್ಕೆ ಮಾತ್ರ ವಿನಾಯಿತಿ ದೊರೆಯಬೇಕೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಇಂಗ್ಲೆಂಡಿನ ಉದ್ಯಾನ ವಿನ್ಯಾಸಕಾರ ಹಂಫ್ರಿ ರೆಪ್ಟನ್ನನ ‘ಕೆಂಪು ಪುಸ್ತಕ’ಗಳಿಗಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ. ಚಿತ್ರದ ಮೂಲಕ ಯೋಜನೆಯನ್ನು ಒಪ್ಪಿಸುವ ಕಲೆಯನ್ನು ಅವನಷ್ಟು ಜಾಣತನದಿಂದ ಬಳಸಿದವರು ವಿರಳ. ಆ ಕಲೆಯ ದೋಷಗಳನ್ನು ಅವನಷ್ಟು ಬಲ್ಲವರೂ ವಿರಳ.

ರೆಪ್ಟನ್ ಹುಟ್ಟಿದ್ದು 1752ರಲ್ಲಿ. ಮಗನು ವರ್ತಕನಾಗಬೇಕೆಂಬುದು ತಂದೆಯ ಇಚ್ಛೆಯಾಗಿತ್ತು. ಬಾಲ್ಯದಲ್ಲಿಯೇ ಅವನನ್ನು ಭಾಷೆ ಹಾಗೂ ವ್ಯವಹಾರಗಳ ಶಿಕ್ಷಣಕ್ಕಾಗಿ ಹಾಲೆಂಡಿಗೆ ಕಳುಹಿಸಲಾಯಿತು. ಹಿಂದಿರುಗಿದ ಮೇಲೆ ಅವನು ನಾರ್ವಿಚ್ ನಗರದಲ್ಲಿ ಜವಳಿ ವ್ಯಾಪಾರವನ್ನು ಕಲಿತು, ತಾನೇ ಜವಳಿ ವ್ಯವಹಾರಕ್ಕೆ ಇಳಿದನು. ವ್ಯಾಪಾರವು ಕೈಹಿಡಿಯಲಿಲ್ಲ. ಗ್ರಾಮವಾಸ, ಬರವಣಿಗೆ, ರಾಜಕಾರಣಿಯೊಬ್ಬನ ಕಾರ್ಯದರ್ಶಿತ್ವ, ಅಂಚೆ ಗಾಡಿಗಳ ಸುಧಾರಣೆಯಲ್ಲಿ ಪಾಲುದಾರಿಕೆ ಮುಂತಾದ ಹಲವು ಉದ್ಯೋಗಗಳನ್ನು ಪರೀಕ್ಷಿಸಿ ನೋಡಿದನು, ಯಾವುದೂ ನಿಲ್ಲಲಿಲ್ಲ. 1788ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಸಂಸಾರದ ಹೊಣೆ ಹೊತ್ತಿದ್ದ ಆತನು ತನಗೆ ಚಿತ್ರ ಬರೆಯಲು ಬರುತ್ತದೆ, ಗಿಡಮರಗಳ ಪರಿಚಯವಿದೆ ಎಂಬ ಎರಡೇ ಬಂಡವಾಳಗಳನ್ನು ನಂಬಿ ಭೂದೃಶ್ಯ ವಿನ್ಯಾಸವನ್ನು ವೃತ್ತಿಯಾಗಿ ಆರಿಸಿಕೊಂಡನು. ಆ ಕ್ಷೇತ್ರದ ಮಹಾಪುರುಷನಾಗಿದ್ದ ಲಾನ್ಸೆಲಾಟ್ ಬ್ರೌನ್ 1783ರಲ್ಲಿ ತೀರಿಕೊಂಡಿದ್ದನು. ಆ ಸ್ಥಾನವು ಬರಿದಾಗಿತ್ತು. ಮುಂದಿನ ಮೂವತ್ತು ವರ್ಷಗಳಲ್ಲಿ ರೆಪ್ಟನ್ ನೂರಾರು ಜಮೀನುದಾರರಿಗೆ ಸಲಹೆ ನೀಡಿದನು. ಜೇನ್ ಆಸ್ಟಿನ್ನಳ 1814ರ ಕಾದಂಬರಿ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ನಲ್ಲಿ ಅವನ ಹೆಸರೂ ದಿನಕ್ಕೆ ಐದು ಗಿನಿಗಳ ಅವನ ಸಂಭಾವನೆಯೂ ಪಾತ್ರಗಳ ಮಾತಿನಲ್ಲಿ ಬರುತ್ತವೆಯೆಂದರೆ ಅವನ ಖ್ಯಾತಿಯನ್ನು ಊಹಿಸಬಹುದು.

ಬ್ರೌನ್ ಮತ್ತು ರೆಪ್ಟನ್ ಇವರ ನಡುವಣ ಒಂದು ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಬ್ರೌನ್ ಯೋಜನೆಯನ್ನು ಮಾಡುತ್ತಿದ್ದನಲ್ಲದೆ ಕೆಲಸದ ಗುತ್ತಿಗೆಯನ್ನೂ ಹಿಡಿಯುತ್ತಿದ್ದನು. ಕೆರೆ ತೋಡಿಸುವುದು, ಮಣ್ಣು ಸಾಗಿಸುವುದು, ಮರ ನೆಡಿಸುವುದು ಎಲ್ಲವೂ ಅವನ ಹೊಣೆ. ರೆಪ್ಟನ್ನನಿಗೆ ಸಾಮಾನ್ಯವಾಗಿ ದೊರೆಯುತ್ತಿದ್ದುದು ಭೇಟಿಯ ಮತ್ತು ಸಲಹೆಯ ಶುಲ್ಕ ಮಾತ್ರ. ಅನುಷ್ಠಾನವು ಒಡೆಯನ ಪಾಲಿನದು. ಹೀಗಾಗಿ ಬ್ರೌನನು ಮಾರಿದ್ದು ಉದ್ಯಾನವನ್ನು. ರೆಪ್ಟನ್ ಮಾರಿದ್ದು ಉದ್ಯಾನದ ಕಲ್ಪನೆಯನ್ನು. ಅವನ ಸರಕೆಂದರೆ ಆ ಪುಸ್ತಕವೇ.

ಆ ಪುಸ್ತಕದ ರಚನೆ ಹೀಗಿದೆ. ಜಮೀನನ್ನು ಸಂದರ್ಶಿಸಿ ಬಂದ ಬಳಿಕ ರೆಪ್ಟನ್ ತನ್ನ ಅಭಿಪ್ರಾಯಗಳನ್ನು ಅಂದವಾದ ಕೈಬರಹದಲ್ಲಿ ಬರೆದು, ನಕ್ಷೆಗಳನ್ನೂ ಜಲವರ್ಣ ಚಿತ್ರಗಳನ್ನೂ ಸೇರಿಸಿ, ಬಹುಮಟ್ಟಿಗೆ ಕೆಂಪು ಚರ್ಮದ ರಟ್ಟು ಕಟ್ಟಿಸಿ ಒಡೆಯನಿಗೆ ಒಪ್ಪಿಸುತ್ತಿದ್ದನು. ಕೆಲವು ಚಿತ್ರಗಳ ಮೇಲೆ ಬೇಕಾದ ಆಕಾರಕ್ಕೆ ಕತ್ತರಿಸಿದ ಕಾಗದದ ಒಂದು ಮಡಿಕೆ ಅಂಟಿಕೊಂಡಿರುತ್ತದೆ. ಮಡಿಕೆ ಮುಚ್ಚಿರುವಾಗ ಕಾಣುವುದು ಇದ್ದ ಸ್ಥಿತಿ: ಬೋಳು ದಿಣ್ಣೆ, ಅಡ್ಡ ನಿಂತ ಬೇಲಿ, ಒಡ್ಡಾದ ಹಾದಿ. ಅದನ್ನು ಎತ್ತಿದೊಡನೆ ಅದೇ ಆಕಾಶ, ಅದೇ ದೂರದ ಗುಡ್ಡಗಳ ನಡುವೆ ಹೊಸ ಸರೋವರವೂ ಹೊಸ ತೋಪೂ ತೆರೆದುಕೊಳ್ಳುತ್ತವೆ. ಮನೆಯ ಅಡಿನಕ್ಷೆಯಿಂದ ಅದರ ಮುಖದ ಅಂದ ತಿಳಿಯದಿರುವಂತೆಯೇ ಭೂಪಟದಿಂದ ಭೂದೃಶ್ಯದ ಅಂದವು ತಿಳಿಯದು ಎಂಬುದು ಈ ಉಪಾಯಕ್ಕೆ ಅವನು ನೀಡಿದ ಸಮರ್ಥನೆ. ಸಮರ್ಥನೆಯು ನ್ಯಾಯವಾದುದೇ. ನಕ್ಷೆಯನ್ನು ಓದಬಲ್ಲವರು ಕೆಲವರು. ಚಿತ್ರವನ್ನು ನೋಡಬಲ್ಲವರು ಎಲ್ಲರು.

ಮೊದಲು ಗುಣವನ್ನು ಹೇಳುವುದು ಧರ್ಮ. ಈ ಮಡಿಕೆಯಲ್ಲಿ ಒಂದು ಪ್ರಾಮಾಣಿಕತೆಯುಂಟು. ಹೊಸದನ್ನು ಮಾತ್ರ ತೋರಿಸಿ ಹಳೆಯದನ್ನು ಮರೆಸುವ ಚಿತ್ರ ಇದಲ್ಲ. ಒಡೆಯನು ತನ್ನ ಕೈಯಿಂದಲೇ ಮಡಿಕೆಯನ್ನು ಎತ್ತುತ್ತಾನೆ, ಇಳಿಸುತ್ತಾನೆ. ಎಷ್ಟು ಬಾರಿ ಬೇಕಾದರೂ ಎರಡನ್ನೂ ಹೋಲಿಸುತ್ತಾನೆ. ಏನನ್ನು ಕಳೆದುಕೊಳ್ಳುತ್ತೇನೆ, ಏನನ್ನು ಪಡೆಯುತ್ತೇನೆ ಎಂಬ ಜಮಾಖರ್ಚಿನ ಎರಡು ಪುಟಗಳೂ ಎದುರಿಗಿರುತ್ತವೆ. ಬದಲಾಗದ ಭಾಗವು ಬದಲಾಗದೆಯೇ ಉಳಿದಿರುವುದರಿಂದ ಬದಲಾವಣೆಯ ಅಳತೆಯೂ ಸಿಗುತ್ತದೆ. ಚಿತ್ರದ ಪಕ್ಕದಲ್ಲಿ ಕಾರಣಗಳನ್ನು ವಿವರಿಸುವ ಗದ್ಯವಿದೆ. ಹಾದಿ ಇಲ್ಲಿ ಏಕೆ ತಿರುಗಬೇಕು, ಮನೆ ಅತ್ತ ಏಕೆ ಮುಖ ಮಾಡಬೇಕು ಎಂಬ ವಾದವಿದೆ. ಚಿತ್ರವು ಮನಸ್ಸನ್ನು ಸೆಳೆದರೆ ಗದ್ಯವು ಬುದ್ಧಿಯನ್ನು ಪ್ರಶ್ನೆಗೆ ಆಹ್ವಾನಿಸುತ್ತದೆ. ಮನವೊಲಿಸುವ ಕಲೆಯಲ್ಲಿ ಇಷ್ಟು ಅವಕಾಶವನ್ನು ಎದುರಾಳಿಗೆ ಬಿಟ್ಟುಕೊಡುವುದು ಸಾಮಾನ್ಯವಲ್ಲ.

ಇನ್ನು ದೋಷಗಳು. ಮೊದಲನೆಯದು ಕಾಲಕ್ಕೆ ಸಂಬಂಧಿಸಿದ್ದು. ಮಡಿಕೆಯು ಒಂದು ಕ್ಷಣದಲ್ಲಿ ಮೇಲೇಳುತ್ತದೆ. ಓಕ್ ಮರವು ಬೆಳೆಯಲು ಎರಡು ಮೂರು ತಲೆಮಾರುಗಳೇ ಬೇಕು. ಚಿತ್ರದಲ್ಲಿ ಕಾಣುವ ತೋಪು ನೆಟ್ಟ ಮರುವರ್ಷದ್ದಲ್ಲ, ನೆಟ್ಟವನು ನೋಡಲಾರದ ಕಾಲದ್ದು. ಸಮಕಾಲೀನ ಕವಿ ವಿಲಿಯಂ ಮೇಸನ್ ಮಿತ್ರನಿಗೆ ಬರೆದ ಪತ್ರವೊಂದರಲ್ಲಿ ಇದನ್ನೇ ಕುಟುಕಿದ್ದಾನೆ: ರೆಪ್ಟನ್ ಕಾಗದದ ಮೇಲೆ ಬರೆದ ಮರಗಳು ಅವನು ಬರೆದ ಆಕಾರದಲ್ಲಿಯೇ ಬೆಳೆಯುತ್ತವೆಂದು ಶ್ರೀಮಂತರು ನಂಬಿಬಿಡುತ್ತಾರೆ ಎಂಬುದು ಅವನ ವ್ಯಂಗ್ಯದ ತಾತ್ಪರ್ಯ. ವ್ಯಂಗ್ಯವು ತೀಕ್ಷ್ಣವಾದರೂ ಅಸತ್ಯವಲ್ಲ. ಚಿತ್ರದಲ್ಲಿ ಸ್ಥಳವಿದೆ, ಬಣ್ಣವಿದೆ, ತಾರೀಖು ಇಲ್ಲ. ತಾರೀಖಿಲ್ಲದ ಹುಂಡಿಯನ್ನು ಯಾವ ವರ್ತಕನೂ ಒಪ್ಪಲಾರನು.

ಎರಡನೆಯದು ನಿಲುವಿನ ದೋಷ. ಚಿತ್ರವು ಒಂದೇ ಸ್ಥಾನದಿಂದ ಕಂಡದ್ದನ್ನು ಮಾತ್ರ ತೋರಿಸುತ್ತದೆ. ಇಲ್ಲಿ ರೆಪ್ಟನ್ನನ ಮಾತೇ ರೆಪ್ಟನ್ನನಿಗೆ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತದೆ. 1794ರಲ್ಲಿ ಯೂವ್‌ಡೇಲ್ ಪ್ರೈಸ್ ಮತ್ತು ರಿಚರ್ಡ್ ಪೇಯ್ನ್ ನೈಟ್ ಎಂಬ ವಿದ್ವಾಂಸರು ಉದ್ಯಾನ ವಿನ್ಯಾಸಕಾರನು ಮಹಾ ಚಿತ್ರಕಾರರಿಂದ ಪಾಠ ಕಲಿಯಬೇಕೆಂದು ವಾದಿಸಿದಾಗ ರೆಪ್ಟನ್ ಅದನ್ನು ಪ್ರತಿಭಟಿಸಿದನು. ಚಿತ್ರಕಾರನು ಒಂದೆಡೆ ನಿಂತು ನೋಡುತ್ತಾನೆ, ಉದ್ಯಾನದಲ್ಲಿ ಸಂಚರಿಸುವವನು ಚಲಿಸುತ್ತಾ ನೋಡುತ್ತಾನೆ. ಕಣ್ಣಿನ ವ್ಯಾಪ್ತಿಯು ಚೌಕಟ್ಟಿನ ವ್ಯಾಪ್ತಿಗಿಂತ ಬಹು ದೊಡ್ಡದು. ಗುಡ್ಡದ ಮೇಲಿನಿಂದ ಕೆಳಗೆ ನೋಡುವ ನೋಟವನ್ನು ಚಿತ್ರದಲ್ಲಿ ಸರಿಯಾಗಿ ತರಲಾಗದು. ಚಿತ್ರದೊಳಗಿನ ಬೆಳಕು ಒಂದೇ ಕಡೆಯದು, ನಿಸರ್ಗದ ಬೆಳಕು ಗಳಿಗೆ ಗಳಿಗೆಗೂ ಬೇರೆ. ಇವು ಅವನ ವಾದದ ಮುಖ್ಯಾಂಶಗಳು. ಉದ್ಯಾನವು ಚಿತ್ರವಲ್ಲವೆಂದು ಇಷ್ಟು ಸ್ಪಷ್ಟವಾಗಿ ಕಂಡವನು ಉದ್ಯಾನವನ್ನು ಚಿತ್ರದ ಮೂಲಕವೇ ಮಾರುತ್ತಿದ್ದನು. ಇದನ್ನು ಕಪಟವೆನ್ನುವುದು ಅತಿಯಾದೀತು; ಬೇರೆ ಸಾಧನವೇ ಅವನಿಗಿರಲಿಲ್ಲ. ಆದರೆ ಸಾಧನದ ಮಿತಿಯನ್ನು ಪಂಡಿತರಿಗೆ ಉತ್ತರಿಸುವಾಗ ಒತ್ತಿ ಹೇಳಿದವನು ಗಿರಾಕಿಯ ಕೈಯಲ್ಲಿನ ಚಿತ್ರದ ಕೆಳಗೂ ಅದನ್ನೇ ಬರೆದಿದ್ದರೆ ಅವನ ಸತ್ಯನಿಷ್ಠೆಗೆ ಮೆರುಗು ಬರುತ್ತಿತ್ತು.

ಮೂರನೆಯ ದೋಷವು ಮಾದರಿಯ ಸ್ವರೂಪಕ್ಕೆ ಸಂಬಂಧಿಸಿದ್ದು, ಹೆಚ್ಚು ಆಳವಾದುದು. ಜವಳಿ ವ್ಯಾಪಾರದಲ್ಲಿ ಗಿರಾಕಿಗೆ ತೋರಿಸುವ ತುಂಡು ಅದೇ ಥಾನಿನಿಂದ ಕತ್ತರಿಸಿದ್ದು. ಬೆರಳಿಂದ ಮುಟ್ಟಬಹುದು, ಒದ್ದೆ ಮಾಡಿ ಬಣ್ಣ ಬಿಡುವುದೇ ಎಂದು ನೋಡಬಹುದು. ಮಾದರಿಗೂ ಮಾಲಿಗೂ ಇರುವ ಸಂಬಂಧ ಅಂಶ ಮತ್ತು ಪೂರ್ಣಗಳ ಸಂಬಂಧ. ಮಾದರಿ ಸುಳ್ಳಾದರೆ ಥಾನನ್ನು ಹಿಂದಿರುಗಿಸುವ ಹಕ್ಕು ಎಲ್ಲ ಪೇಟೆಗಳಲ್ಲಿಯೂ ಉಂಟು. ರೆಪ್ಟನ್ ಜವಳಿಯನ್ನು ಬಿಟ್ಟು ಉದ್ಯಾನಕ್ಕೆ ಬಂದಾಗ ಈ ಸಂಬಂಧವೂ ಹಿಂದೆಯೇ ಉಳಿಯಿತು. ಜಲವರ್ಣದ ಹಾಳೆಯು ತೋಪಿನ ತುಂಡಲ್ಲ. ಅದನ್ನು ಮುಟ್ಟಿದರೆ ತಿಳಿಯುವುದು ಕಾಗದದ ಗುಣ. ಮಣ್ಣಿನ ಗುಣವಲ್ಲ, ನೀರಿನ ಗುಣವಲ್ಲ. ಚಿತ್ರವು ಎಷ್ಟು ಸುಂದರವೋ ಅಷ್ಟೇ ಸುಂದರ ಉದ್ಯಾನವೂ ಎಂದು ಮನಸ್ಸು ತಾನಾಗಿ ಎಣಿಸುತ್ತದೆ. ಕುಂಚದ ಸಾಮರ್ಥ್ಯವು ಭೂಮಿಯ ಸಾಮರ್ಥ್ಯವೆಂದು ಲೆಕ್ಕಕ್ಕೆ ಬರೆಯಲ್ಪಡುತ್ತದೆ. ವಿನ್ಯಾಸವನ್ನು ಚಿತ್ರಿಸುವ ಎಲ್ಲ ಕಲೆಯಲ್ಲಿಯೂ ಅಡಗಿರುವ ಅಪಾಯ ಇದು. ಸಲಹೆಗೆ ಸಂಭಾವನೆ ಪಡೆದು ಫಲಕ್ಕೆ ಹೊಣೆಯಾಗದ ವ್ಯವಸ್ಥೆಯಲ್ಲಿ ಈ ಅಪಾಯವು ಇಮ್ಮಡಿಯಾಗುತ್ತದೆ.

ರೆಪ್ಟನ್ನನ ಬ್ರೈಟನ್ ಯೋಜನೆಯು ಇದಕ್ಕೆ ಇನ್ನೊಂದು ಮುಖವನ್ನು ಒದಗಿಸುತ್ತದೆ. ಯುವರಾಜನ ಕಡಲತೀರದ ಅರಮನೆಗಾಗಿ ಅವನು ಭಾರತೀಯ ಶೈಲಿಯ ವಿನ್ಯಾಸವನ್ನು ರೂಪಿಸಿ 1808ರಲ್ಲಿ ಅದನ್ನು ಗ್ರಂಥವಾಗಿಯೂ ಪ್ರಕಟಿಸಿದನು. ಅವನು ಭಾರತವನ್ನು ಕಂಡವನಲ್ಲ. ಇಲ್ಲಿ ಸಂಚರಿಸಿ ಹೋದ ಥಾಮಸ್ ಮತ್ತು ವಿಲಿಯಂ ಡೇನಿಯಲ್ ಎಂಬ ಕಲಾವಿದರ ಮುದ್ರಿತ ಚಿತ್ರಗಳೇ ಅವನಿಗೆ ಭಾರತ. ಚಿತ್ರವನ್ನು ನೋಡಿ ಬರೆದ ಚಿತ್ರ, ಅದನ್ನು ನೋಡಿ ಒಪ್ಪಬೇಕಾದ ರಾಜಕುಮಾರ! ಯುವರಾಜನು ಮೆಚ್ಚಿದನಾದರೂ ಕೆಲಸವು ನಡೆಯಲಿಲ್ಲ. ಕೊನೆಗೆ 1815ರಲ್ಲಿ ಆರಂಭವಾದ ನಿರ್ಮಾಣದ ಹೊಣೆಯು ರೆಪ್ಟನ್ನನ ಹಿಂದಿನ ಸಹಭಾಗಿ ಜಾನ್ ನ್ಯಾಷ್‌ಗೆ ದೊರೆಯಿತು. ಚಿತ್ರದಿಂದ ಬದುಕಿದವನಿಗೆ ಚಿತ್ರವೇ ಉಳಿಯಿತು.

ಆದರೂ ರೆಪ್ಟನ್ನನನ್ನು ಅಳೆಯಬೇಕಾದ ನಿಜವಾದ ಸ್ಥಳ ಅರಮನೆಯಲ್ಲ, ಅವನ ಸ್ವಂತ ಮನೆಯಂಗಳ. 1816ರಲ್ಲಿ, ಮರಣಕ್ಕೆ ಎರಡು ವರ್ಷ ಮೊದಲು, ಪ್ರಕಟಿಸಿದ ಕೊನೆಯ ಗ್ರಂಥದಲ್ಲಿ ಎಸೆಕ್ಸ್ ಪ್ರಾಂತದ ಹೇರ್ ಸ್ಟ್ರೀಟ್ ಎಂಬ ಹಳ್ಳಿಯಲ್ಲಿದ್ದ ತನ್ನ ಕುಟೀರದ ಮುಂದಿನ ನೋಟವನ್ನು ಅವನು ಮಡಿಕೆ ಸಹಿತ ಚಿತ್ರಿಸಿದ್ದಾನೆ. ಮಡಿಕೆ ಇಳಿದಿರುವಾಗ ಬೇಲಿಯ ಬಳಿ ಅಂಗಹೀನನಾದ ಭಿಕ್ಷುಕನೊಬ್ಬನು ನಿಂತಿದ್ದಾನೆ, ಹುಲ್ಲುಬಯಲಿನಲ್ಲಿ ಬಾತುಗಳಿವೆ, ರಸ್ತೆಯ ಆಚೆ ಕಟುಕನ ಅಂಗಡಿಯಲ್ಲಿ ಮಾಂಸವು ತೂಗುತ್ತಿದೆ. ಮಡಿಕೆಯನ್ನು ಎತ್ತಿದರೆ ಇಪ್ಪತ್ತೈದು ಗಜದಷ್ಟು ನೆಲವು ತೋಟಕ್ಕೆ ಸೇರಿದೆ, ಹೂಗಿಡಗಳೂ ಬಳ್ಳಿಗಳೂ ಎದ್ದಿವೆ, ಭಿಕ್ಷುಕನಿಲ್ಲ, ತೂಗುತ್ತಿದ್ದ ಮಾಂಸವು ಹೂವಿನ ಮರೆಗೆ ಸರಿದಿದೆ. ಹಳ್ಳಿಯ ರಸ್ತೆ ಮಾತ್ರ ಉಳಿದಿದೆ. ಜನಸಂಚಾರದ ಆ ನೋಟವು ಏಕಾಂತದ ದೊಡ್ಡ ಉದ್ಯಾನಗಳಿಗಿಂತ ತನಗೆ ಪ್ರಿಯವೆಂದು ಅವನು ಹೇಳಿಕೊಂಡಿದ್ದಾನೆ.

ಚಿತ್ರವಾಗಿ ಇದು ಮನೋಹರ. 1811ರ ಗಾಡಿಯ ಅಪಘಾತದಲ್ಲಿ ಬೆನ್ನಿಗೆ ಪೆಟ್ಟು ಬಿದ್ದು ಗಾಲಿಕುರ್ಚಿಯ ಪಾಲಾಗಿದ್ದ ವೃದ್ಧನಿಗೆ ಕಿಟಕಿಯ ನೋಟವೇ ಲೋಕವಾಗಿತ್ತು ಎಂಬುದನ್ನು ನೆನೆದರೆ ಅವನ ಆಸೆಯ ಬಗ್ಗೆ ಕರುಣೆ ಮೂಡುತ್ತದೆ. ಆದರೆ ಚಿತ್ರವು ಹೇಳುವುದೇನು? ಹೂವನ್ನು ಅಡ್ಡ ನೆಟ್ಟ ಮಾತ್ರಕ್ಕೆ ಕಟುಕನ ಕತ್ತಿ ನಿಂತಿತೇ? ಭಿಕ್ಷುಕನನ್ನು ಹಾಳೆಯಿಂದ ತೆಗೆದ ಮಾತ್ರಕ್ಕೆ ಅವನ ಹಸಿವು ತೀರಿತೇ? ನೋಟದಿಂದ ಮರೆಯಾಗುವುದು ಬೇರೆ, ಇಲ್ಲವಾಗುವುದು ಬೇರೆ. ಹಿಂಸೆಯನ್ನು ತಡೆಯುವುದು ಒಂದು ಕಾರ್ಯ, ಹಿಂಸೆ ಕಾಣದಂತೆ ಪರದೆ ಹಾಕುವುದು ಇನ್ನೊಂದು. ಮೊದಲನೆಯದು ಲೋಕವನ್ನು ತಿದ್ದುತ್ತದೆ, ಎರಡನೆಯದು ಕಿಟಕಿಯನ್ನು ಮಾತ್ರ ತಿದ್ದುತ್ತದೆ. ‘ಸುಧಾರಣೆ’ ಎಂಬ ಒಂದೇ ಪದವು ಎರಡಕ್ಕೂ ಸಲ್ಲುವಂತೆ ಮಾಡುವುದು ಚಿತ್ರದ ಮಾಯೆ. ರೆಪ್ಟನ್ ಇಲ್ಲಿ ಸುಳ್ಳು ಹೇಳಲಿಲ್ಲವೆಂಬುದನ್ನು ಒಪ್ಪಬೇಕು. ಮಡಿಕೆಯನ್ನು ಅಂಟಿಸಿರುವುದರಿಂದ ಭಿಕ್ಷುಕನೂ ಮಾಂಸದ ಅಂಗಡಿಯೂ ಪುಸ್ತಕದಲ್ಲಿ ಶಾಶ್ವತವಾಗಿ ಉಳಿದಿದ್ದಾರೆ. ತಾನು ಏನನ್ನು ಮರೆಮಾಡಿದೆನೆಂಬುದಕ್ಕೆ ಅವನೇ ಸಾಕ್ಷ್ಯ ಒದಗಿಸಿದ್ದಾನೆ. ಎರಡು ಶತಮಾನಗಳ ಬಳಿಕ ಇಂದು ಈ ಪ್ರಶ್ನೆಯನ್ನು ಕೇಳಲು ಸಾಧ್ಯವಾಗಿರುವುದೂ ಆ ಸಾಕ್ಷ್ಯದಿಂದಲೇ.

ಅದೇ ಗ್ರಂಥದ ಇನ್ನೊಂದು ಚಿತ್ರಯುಗ್ಮವು ಈ ಸಾಧನದ ಶಕ್ತಿಯನ್ನು ತಿರುಗುಮುರುಗಾಗಿ ಪ್ರಕಟಿಸುತ್ತದೆ. ಮೊದಲ ಚಿತ್ರದಲ್ಲಿ ಹಳೆಯ ಒಡೆಯನ ಕಾಲದ ಹಾದಿ. ದಾರಿಹೋಕನಿಗೆ ನೆರಳು ಕೊಡುವ ಹಿರಿಯ ಬೀಚ್ ಮರ, ಅದರ ಬುಡದಲ್ಲಿ ಕುಳಿತುಕೊಳ್ಳಲು ಆಸನ. ಎರಡನೆಯದರಲ್ಲಿ ಜಮೀನು ಹೊಸ ಧನಿಕನ ಕೈಸೇರಿದೆ. ಮರವಿಲ್ಲ, ಆಸನವಿಲ್ಲ, ಎತ್ತರದ ಬೇಲಿ ಎದ್ದಿದೆ, ಒಳಗೆ ಕಾಲಿಟ್ಟವರಿಗೆ ಬೋನು ಬಂದೂಕುಗಳ ಎಚ್ಚರಿಕೆಯ ಫಲಕ ನಿಂತಿದೆ. ಇದಕ್ಕೂ ‘ಸುಧಾರಣೆ’ ಎಂದೇ ಹೆಸರು. ಆದರೆ ಇಲ್ಲಿ ಅದು ವ್ಯಂಗ್ಯ. ಜೀವನವಿಡೀ ‘ಮೊದಲು’ ಎಂಬುದನ್ನು ಕಳಪೆಯಾಗಿಯೂ ‘ಅನಂತರ’ ಎಂಬುದನ್ನು ರಮಣೀಯವಾಗಿಯೂ ಬರೆದ ಕೈಯೇ ಇಲ್ಲಿ ಆ ಕ್ರಮವನ್ನು ಮುರಿದಿದೆ. ಲಾಭವನ್ನು ತೋರಿಸಬಲ್ಲ ಸಾಧನವು ನಷ್ಟವನ್ನೂ ತೋರಿಸಬಲ್ಲದು. ತೋರಿಸುವವನಿಗೆ ಮನಸ್ಸಿರಬೇಕು, ಅಷ್ಟೆ. ಈ ಚಿತ್ರಕ್ಕೆ ಯಾವ ಗಿರಾಕಿಯೂ ಹಣ ಕೊಡಲಿಲ್ಲವೆಂಬುದು ನೆನಪಿಡಬೇಕಾದ ಸಂಗತಿ. ಮಾರಾಟದ ಅಗತ್ಯವಿಲ್ಲದಿದ್ದಾಗ ಕುಂಚವು ನಿರ್ಭಯವಾಗುತ್ತದೆ.

ಇವೆರಡರ ನಡುವೆ ಸಮನ್ವಯದ ದಾರಿಯೊಂದಿದೆಯೇ? ನಾರ್ಫೋಕ್ ಪ್ರಾಂತದ ಷೆರಿಂಗ್‌ಹ್ಯಾಮ್‌ಗಾಗಿ 1812ರಲ್ಲಿ ರಚಿಸಿದ ಕೆಂಪು ಪುಸ್ತಕವು ಉತ್ತರದ ಸಮೀಪಕ್ಕೆ ಬರುತ್ತದೆ. ಅಬಟ್ ಅಪ್ಚರ್ ಎಂಬ ತರುಣ ಒಡೆಯನಿಗಾಗಿ ಮಾಡಿದ ಈ ಯೋಜನೆಯನ್ನು ರೆಪ್ಟನ್ ತನ್ನ ಕೃತಿಗಳಲ್ಲಿ ಅತ್ಯಂತ ಪ್ರೀತಿಪಾತ್ರವಾದುದೆಂದು ಭಾವಿಸಿದ್ದನು. ಮನೆ ಎಲ್ಲಿರಬೇಕು, ಸಮುದ್ರದ ಗಾಳಿಯಿಂದ ಅದನ್ನು ಹೇಗೆ ರಕ್ಷಿಸಬೇಕು ಎಂಬ ಚರ್ಚೆಯೊಡನೆ, ತಿಂಗಳಿಗೊಂದು ದಿನ ಬಡವರು ಒಣಕಟ್ಟಿಗೆ ಆಯ್ದುಕೊಳ್ಳಲು ಕಾಡನ್ನು ತೆರೆದಿಡಬೇಕೆಂಬ ಸಲಹೆಯೂ ಅಲ್ಲಿದೆ. ಹೇರ್ ಸ್ಟ್ರೀಟಿನ ಮಡಿಕೆಯಲ್ಲಿ ಬಡವನು ಚಿತ್ರದಿಂದ ಹೊರಹೋದನು. ಷೆರಿಂಗ್‌ಹ್ಯಾಮ್‌ನ ಪುಟಗಳಲ್ಲಿ ಯೋಜನೆಯ ಒಳಗೆ ಬಂದನು. ಒಂದೇ ಕೈ ಮಾಡಿದ ಎರಡು ಕಾರ್ಯಗಳಿವು. ಅಪ್ಚರ್ 1819ರಲ್ಲಿಯೇ ತೀರಿಕೊಂಡನು. ಆ ಪುಸ್ತಕದಲ್ಲಿ ಸೂಚಿಸಿದ್ದ ಮಂಟಪವೊಂದು ಗುಡ್ಡದ ಮೇಲೆ ಎದ್ದುನಿಂತದ್ದು 1975ರಲ್ಲಿ. ನೂರ ಅರವತ್ತಮೂರು ವರ್ಷಗಳ ಬಳಿಕವೂ ಆ ಪುಸ್ತಕವನ್ನು ನಂಬಿ ಕಟ್ಟಲು ಸಾಧ್ಯವಾಯಿತೆಂದರೆ, ಅದು ಅಂದವನ್ನು ಮಾತ್ರವಲ್ಲ, ಭೂಮಿಯ ನಿಜವಾದ ಏರಿಳಿತಗಳನ್ನೂ ಗೌರವಿಸಿತ್ತು ಎಂದೇ ಅರ್ಥ.

ಈ ಚರ್ಚೆ ಹಳೆಯ ಇಂಗ್ಲೆಂಡಿನ ಶ್ರೀಮಂತರ ವಿಷಯವೆಂದು ಬದಿಗಿಡುವಂತಿಲ್ಲ. ಇಂದು ಕುಂಚದ ಸ್ಥಾನಕ್ಕೆ ಗಣಕಯಂತ್ರವು ಬಂದಿದೆ. ವಸತಿ ಸಮುಚ್ಚಯವೊಂದರ ಬಣ್ಣದ ಪತ್ರಿಕೆಯಲ್ಲಿ ಆಕಾಶವು ಸದಾ ನೀಲಿ, ಮರಗಳು ಸದಾ ಪ್ರಾಯದವು, ರಸ್ತೆ ಸದಾ ಖಾಲಿ. ಪಕ್ಕದ ಚರಂಡಿಯೂ ಎದುರಿನ ಗುಡಿಸಲುಗಳೂ ಕಾಣವು. ಮೂಲೆಯಲ್ಲಿ ಇರುವೆಯಷ್ಟು ಚಿಕ್ಕ ಅಕ್ಷರಗಳಲ್ಲಿ ‘ಇದು ಕಲಾವಿದನ ಕಲ್ಪನೆ’ ಎಂದು ಬರೆದಿರುತ್ತದೆ. ಚಿತ್ರವು ಗಟ್ಟಿಯಾಗಿ ನೀಡಿದ ವಚನವನ್ನು ಅಕ್ಷರವು ಪಿಸುಮಾತಿನಲ್ಲಿ ಹಿಂತೆಗೆದುಕೊಳ್ಳುವ ಪರಿ ಇದು. ಎಲ್ಲಕ್ಕಿಂತ ಮಿಗಿಲಾಗಿ, ಇಲ್ಲಿ ಮಡಿಕೆಯೇ ಇಲ್ಲ. ‘ಅನಂತರ’ ಮಾತ್ರ ಇದೆ, ‘ಮೊದಲು’ ಇಲ್ಲ. ರೆಪ್ಟನ್ನನ ದೋಷಗಳೆಲ್ಲವನ್ನೂ ಉಳಿಸಿಕೊಂಡು ಅವನ ಗುಣವೊಂದನ್ನು ಮಾತ್ರ ಕೈಬಿಟ್ಟಂತಾಗಿದೆ. ಭಾರತದ 2016ರ ಸ್ಥಿರಾಸ್ತಿ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯಿದೆಯ 12ನೆಯ ಕಲಮು ಜಾಹೀರಾತು, ವಿವರಣಾ ಪತ್ರಿಕೆ ಅಥವಾ ಮಾದರಿ ಮನೆಯಲ್ಲಿನ ತಪ್ಪು ಹೇಳಿಕೆಯನ್ನು ನಂಬಿ ಹಣ ತೊಡಗಿಸಿ ನಷ್ಟಕ್ಕೊಳಗಾದವನಿಗೆ ಪರಿಹಾರ ನೀಡಬೇಕೆಂದೂ, ಅವನು ಯೋಜನೆಯಿಂದ ಹಿಂದೆ ಸರಿಯಲು ಬಯಸಿದರೆ ಪೂರ್ಣ ಹಣವನ್ನು ಬಡ್ಡಿ ಸಹಿತ ಮರಳಿಸಬೇಕೆಂದೂ ವಿಧಿಸುತ್ತದೆ. ಮಾದರಿ ಸುಳ್ಳಾದರೆ ಥಾನನ್ನು ಹಿಂದಿರುಗಿಸಬಹುದೆಂಬ ಪೇಟೆಯ ಹಳೆಯ ನ್ಯಾಯವೇ ಇಲ್ಲಿ ಶಾಸನದ ರೂಪವನ್ನು ತಳೆದಿದೆ.

ಆದರೆ ಶಾಸನವು ನಷ್ಟವಾದ ಮೇಲೆ ಬರುತ್ತದೆ. ವಿವೇಕವು ಮೊದಲೇ ಬರಬೇಕು. ಯೋಜನೆಯ ಚಿತ್ರವನ್ನು ಬರೆಯುವವರು ಮತ್ತು ಬರೆಸುವವರು ಕೆಲವು ನಿಯಮಗಳನ್ನು ತಾವಾಗಿಯೇ ಪಾಲಿಸಬಹುದು. ಇದ್ದ ಸ್ಥಿತಿಯನ್ನೂ ಆಗಲಿರುವ ಸ್ಥಿತಿಯನ್ನೂ ಒಂದೇ ಬೆಳಕಿನಲ್ಲಿ, ಒಂದೇ ಸ್ಥಾನದಿಂದ ತೋರಿಸುವುದು. ಚಿತ್ರಿಸಿದ ಮರವು ಎಷ್ಟು ವರ್ಷಗಳ ಬಳಿಕದ್ದೆಂದು ಬರೆಯುವುದು. ಕರಾರಿನಲ್ಲಿ ಇಲ್ಲದ ವಸ್ತುವನ್ನು ಚಿತ್ರದಲ್ಲಿ ಇರಿಸದಿರುವುದು. ನೆರೆಹೊರೆಯನ್ನು, ವಿಶೇಷವಾಗಿ ನೆರೆಯ ಬಡವರನ್ನು, ಅಳಿಸದಿರುವುದು. ಇವುಗಳಿಂದ ಚಿತ್ರದ ಸೌಂದರ್ಯಕ್ಕೆ ಕುಂದು ಬರುವುದೆಂಬ ಭಯ ನಿರಾಧಾರವಾದುದು. ರೆಪ್ಟನ್ನನ ಹಾಳೆಗಳಲ್ಲಿ ಇಂದು ಮನಸ್ಸನ್ನು ಹೆಚ್ಚು ಕಾಲ ಹಿಡಿದು ನಿಲ್ಲಿಸುವುದು ಹೂಬಳ್ಳಿಯಲ್ಲ, ಬೇಲಿಗೆ ಒರಗಿದ ಆ ಭಿಕ್ಷುಕನ ಆಕೃತಿ.

ನೋಡುವವರಿಗೂ ಒಂದು ಕರ್ತವ್ಯವಿದೆ. ಮುಂದೆ ಹಿಡಿದ ಸುಂದರ ಚಿತ್ರದಲ್ಲಿ ಮಡಿಕೆಯನ್ನು ಅಂಟಿಸಿರದಿದ್ದರೆ ಅದನ್ನು ಮನಸ್ಸಿನಲ್ಲಿ ತಾವೇ ಅಂಟಿಸಿಕೊಳ್ಳಬೇಕು. ಈ ತೋಪಿನ ಜಾಗದಲ್ಲಿ ಮೊದಲು ಏನಿತ್ತು, ಈ ಅಂಗಳದಲ್ಲಿ ಯಾರು ನಿಲ್ಲುತ್ತಿದ್ದರು, ಅವರು ಎಲ್ಲಿಗೆ ಹೋದರು ಎಂದು ಕೇಳಿದ ಮೇಲೆಯೇ ಹಣದ ಚೀಲದ ದಾರವನ್ನು ಸಡಿಲಿಸುವುದು ಲೇಸು.